ತಕರಾರಿಲ್ಲದ ಒಕ್ಕೂಟ

ಕೆಟ್ಟವರ ಬಗ್ಗೆ ಬರೆಯುವುದು ಸುಲಭ. ಅನಂತರಾಜು ಮೇಷ್ಟ್ರು ಕೆಟ್ಟವರಲ್ಲ, ನನ್ನ ಸಂಕಟವೇ ಅದು. ಬೇಕಂತ ಒಂದು ಇರುವೆಯನ್ನೂ ತುಳಿದವರಲ್ಲ. ಹಾಗಿದ್ದೂ ಅವರ ಹೆಸರು ಬಂದರೆ ಈಗ ನನಗೆ ಮೈ ಉರಿಯುತ್ತದೆ. ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತು ಬುತ್ತಿ ಬಿಚ್ಚಿದವಳಿಗೆ ಉರಿದುಕೊಳ್ಳುವಷ್ಟು ಹಕ್ಕಾದರೂ ಇರಬೇಕಲ್ಲ.

ನಾನು ಅಪರ್ಣ, ಇತಿಹಾಸ ಹೇಳುವವಳು. ತುಮಕೂರಿನಿಂದ ಬೆಳಗಿನ ರೈಲಿಗೆ ಗುಬ್ಬಿಗೆ ಬಂದು, ಪಿಯು ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆ ವಾಪಸಾಗುತ್ತೇನೆ. ಮೇಷ್ಟ್ರದು ರಾಜ್ಯಶಾಸ್ತ್ರ. ಹಾಗಲವಾಡಿ ಕಡೆಯ ಹೊನ್ನೇಕಟ್ಟೆ ಎಂಬ ಊರಿನಿಂದ ಬೈಕಿನಲ್ಲಿ ಬರುತ್ತಾರೆ. ತಂದೆ ಪುಟ್ಟರಂಗಯ್ಯನವರಿಗೆ ತೆಂಗಿನ ತೋಟ, ರಾಗಿ ಹೊಲ; ಉಂಡುಟ್ಟು ಮಿಗುವ ಮನೆ. ಮೇಷ್ಟ್ರು ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ಮನೆಯಲ್ಲಿ ಎಲ್ಲರೂ ಒಪ್ಪುವ ಹೆಣ್ಣು ಸಿಗಲಿಲ್ಲ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ತಮಾಷೆ ಮಾಡುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಹುಡುಗರು ಅವರಿಗೆ ಇಟ್ಟ ಹೆಸರು ಸಾರ್ಕ್ ಮೇಷ್ಟ್ರು. ಎಂ.ಎ. ಮುಗಿಸಿದ ವರ್ಷ ಅವರು ಕಠ್ಮಂಡುವಿನಲ್ಲಿ ನಡೆದ ಒಂದು ಯುವಜನ ಶಿಬಿರಕ್ಕೆ ಹೋಗಿ ಬಂದಿದ್ದರು. ಸಾರ್ಕ್ ಒಕ್ಕೂಟದಲ್ಲಿದ್ದ ದಕ್ಷಿಣ ಏಷ್ಯಾದ ಏಳು ದೇಶಗಳ ಹುಡುಗರು ಒಂದು ವಾರ ಒಂದೇ ಸೂರಿನಡಿ ಇದ್ದರಂತೆ. ಆಗಿನ್ನೂ ಅಫ್ಘಾನಿಸ್ತಾನ ಸೇರಿರಲಿಲ್ಲ. ಲಾಹೋರಿನ ಹುಡುಗನೊಬ್ಬ ಇವರು ಮನೆಯಿಂದ ಒಯ್ದಿದ್ದ ಕೊಬ್ಬರಿ ಮಿಠಾಯಿಯನ್ನು ಪೂರ್ತಿ ತಿಂದು ಮುಗಿಸಿ, ಬದಲಿಗೆ ತನ್ನ ಶಾಲು ಕೊಟ್ಟನಂತೆ. ಆ ಶಾಲನ್ನು ಮೇಷ್ಟ್ರು ಡಿಸೆಂಬರ್ ಚಳಿಯಲ್ಲಿ ಹೊದ್ದು ಬರುತ್ತಿದ್ದರು. ಏಳು ದೇಶ ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಆ ಕಣ್ಣೀರು ನಿಜವಾದದ್ದು, ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಪಾಠವನ್ನೂ ಚೆನ್ನಾಗಿಯೇ ಮಾಡುತ್ತಿದ್ದರು. ವಿಶ್ವಸಂಸ್ಥೆ ಅಂದರೆ ದೊಡ್ಡ ಕೆರೆ ಇದ್ದ ಹಾಗೆ, ಪ್ರಾದೇಶಿಕ ಸಂಘಟನೆಗಳು ತೂಬು ಇದ್ದ ಹಾಗೆ, ತೂಬಿಲ್ಲದೆ ಕೆರೆಯಲ್ಲಿ ಎಷ್ಟು ನೀರಿದ್ದರೂ ಗದ್ದೆಗೆ ಹರಿಯುವುದಿಲ್ಲ ಅನ್ನುತ್ತಿದ್ದರು. ಯುರೋಪಿನವರು ಯುದ್ಧ ಮಾಡಿ ಸುಸ್ತಾಗಿ ಹೇಗೆ ಒಂದಾದರು, ಆಫ್ರಿಕಾದವರು ಹಳೆಯ ಸಂಘಟನೆ ಮುಚ್ಚಿ ಹೊಸದನ್ನು ಯಾಕೆ ಕಟ್ಟಿದರು, ಎಲ್ಲವನ್ನೂ ಹಳ್ಳಿ ಮಕ್ಕಳಿಗೆ ತಲೆಗೆ ಹತ್ತುವ ಹಾಗೆ ಹೇಳುತ್ತಿದ್ದರು. ಪ್ರತಿ ವರ್ಷ ಒಬ್ಬ ಹುಡುಗನಾದರೂ ಎದ್ದು ನಿಂತು, ಸಾರ್ಕಿನ ಮುಂದಿನ ಶೃಂಗಸಭೆ ಯಾವಾಗ ಸಾರ್ ಅಂತ ಕೇಳುತ್ತಿದ್ದ. ಎರಡು ಸಾವಿರದ ಹದಿನಾಲ್ಕರಿಂದ ಸಭೆಯೇ ನಡೆದಿಲ್ಲವೆಂಬುದು ಹುಡುಗನಿಗೂ ಗೊತ್ತು. ಮೇಷ್ಟ್ರು ಕೋಪಿಸಿಕೊಳ್ಳದೆ, ಆಗುತ್ತೆ ಕಣಯ್ಯ, ಎಲ್ಲರೂ ಒಪ್ಪಿದ ದಿನ ಆಗುತ್ತೆ ಅನ್ನುತ್ತಿದ್ದರು.

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅವರ ಊರಿಗೆ ಒಂದು ಕೆರೆಯಿತ್ತು, ಕೆರೆಯ ಸುತ್ತ ಹೊನ್ನೇಕಟ್ಟೆಯೂ ಸೇರಿ ಏಳು ಊರುಗಳಿದ್ದವು. ಏಳು ಎಂಬ ಸಂಖ್ಯೆ ಮೇಷ್ಟ್ರನ್ನು ಹಿಡಿದುಕೊಂಡಿತು.

ಆ ಏಳೂರಿನವರು ಕೆರೆ ಕೋಡಿ ಬಿದ್ದ ವರ್ಷ ಒಟ್ಟಿಗೆ ಗಂಗಮ್ಮನಿಗೆ ಬಾಗಿನ ಕೊಡುವುದು ವಾಡಿಕೆ. ಮೊದಲ ಬಾಗಿನ ಯಾರದು ಎಂಬುದೇ ಹಿಂದಿನಿಂದ ಬಂದ ಜಗಳ. ಒಂದು ಸಲವಂತೂ ಬಾಗಿನದ ಮೊರಗಳಲ್ಲೇ ಬಡಿದಾಡಿಕೊಂಡು, ಅರಿಶಿನ ಕುಂಕುಮವೆಲ್ಲ ಏರಿಯ ಮೇಲೆ ಚೆಲ್ಲಿ, ಪೊಲೀಸರು ಬಂದಿದ್ದರು. ನಾಲೆಯ ನೀರು ಬಿಟ್ಟು ಕೆರೆ ತುಂಬತೊಡಗಿದ ಮೇಲೆ, ಕೆರೆ ನೋಡಿಕೊಳ್ಳಲು ಬಳಕೆದಾರರ ಒಕ್ಕೂಟವೊಂದನ್ನು ಮಾಡಿಕೊಳ್ಳಿ ಎಂದು ಸರ್ಕಾರದವರು ಹೇಳಿದರು. ನಿಯಮ ಬರೆಯುವವರು ಯಾರು ಅಂದಾಗ ಎಲ್ಲರೂ ಮೇಷ್ಟ್ರ ಕಡೆ ಕೈ ತೋರಿಸಿದರು. ಅವರು ಕಠ್ಮಂಡುವಿನಿಂದ ತಂದಿದ್ದ ಸಾರ್ಕ್ ಸನ್ನದು ಮುಂದಿಟ್ಟುಕೊಂಡು ಕೂತರು.

ಅಧ್ಯಕ್ಷತೆ ಅಕಾರಾದಿ ಕ್ರಮದಲ್ಲಿ ಊರಿಂದ ಊರಿಗೆ ತಿರುಗಬೇಕು, ಅಧ್ಯಕ್ಷರ ಊರಿನದೇ ಮೊದಲ ಬಾಗಿನ. ಯಾವ ತೀರ್ಮಾನವಾದರೂ ಸರ್ವಾನುಮತದಿಂದಲೇ ಆಗಬೇಕು, ಒಂದೂರು ಬೇಡವೆಂದರೂ ಬೇಡ. ಇಬ್ಬರ ನಡುವಿನ ತಕರಾರನ್ನು, ಅಂದರೆ ಎರಡೂರುಗಳ ಜಗಳದ ವಿಷಯವನ್ನು, ಸಭೆಯಲ್ಲಿ ಎತ್ತುವಂತೆಯೇ ಇಲ್ಲ. ಇವು ಅವರ ಮುಖ್ಯ ನಿಯಮಗಳು. ಏಳು ದೇಶಕ್ಕೆ ಹೊಲಿಸಿದ ಅಂಗಿಯನ್ನು ಏಳು ಹಳ್ಳಿಗೆ ತೊಡಿಸಿದರು. ಆ ದೇಶಗಳ ಮೈಗೇ ಆ ಅಂಗಿ ಹಿಡಿಸಿದೆಯೇ ಅಂತ ತಿರುಗಿ ನೋಡಲಿಲ್ಲ.

ಎಂಬತ್ತು ದಾಟಿದ್ದ ಪುಟ್ಟರಂಗಯ್ಯನವರು ಜಗಲಿಯ ಮೇಲೆ ಕೂತು ಮಗ ಓದಿದ್ದನ್ನೆಲ್ಲ ಕೇಳಿಸಿಕೊಂಡರಂತೆ.

"ತಕರಾರು ಅದೆ ಅಂತ್ಲೇ ಅಲ್ವೇನ್ಲಾ ಜನ ಪಂಚಾಯ್ತಿ ಸೇರೋದು? ತಕರಾರು ಎತ್ಬಾರ್ದು ಅಂದ್ರೆ ಯಾಕ್ ಸೇರ್ಬೇಕು, ಪುರಿ ತಿನ್ನಾಕಾ?" ಅಂದರು.

ಮೇಷ್ಟ್ರು ಇದನ್ನು ನನಗೆ ನಗುತ್ತಾ ಹೇಳಿದರು, ಹಳೆಯ ಕಾಲದವರು ನೋಡಿ ಅಂತ. ನಾನು ನಗಲಿಲ್ಲ. ಅವರೇ ಪಾಠದಲ್ಲಿ ಹೇಳುತ್ತಿದ್ದರಲ್ಲ, ಆಫ್ರಿಕಾದವರು ಹೊಸ ಸಂಘಟನೆ ಕಟ್ಟುವಾಗ, ಒಂದು ದೇಶದೊಳಗೆ ನರಮೇಧ ನಡೆಯುತ್ತಿದ್ದರೆ ಉಳಿದವರು ಒಳನುಗ್ಗಬಹುದು ಎಂದು ಬರೆದುಕೊಂಡರು ಅಂತ. ಅದನ್ನು ನೆನಪಿಸಿ, ಆ ಧೈರ್ಯ ನಿಮ್ಮ ನಿಯಮದಲ್ಲಿ ಎಲ್ಲಿದೆ ಎಂದು ಕೇಳಿದೆ. ಅವೆಲ್ಲ ನಮಗೆ ಹೊಂದುವುದಿಲ್ಲ ಮೇಡಂ, ಮೊದಲು ಎಲ್ಲರೂ ಒಂದು ಕಡೆ ಕೂರಲಿ, ಕೂತರೆ ಸಾಕು ಅಂದರು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆಯನ್ನು ನಾನು ಹೇಳಿದ್ದಕ್ಕೆ, ಹಾವು ಯಾಕೆ ಸಾಯಬೇಕು, ಅದೂ ಇರಲಿ ಅಂತ ನಕ್ಕರು.

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಮೊದಮೊದಲು ಒಕ್ಕೂಟ ಚೆನ್ನಾಗಿಯೇ ನಡೆಯಿತು. ಬಾಗಿನದ ಜಗಳ ನಿಂತಿತು. ಅಕ್ಷರಮಾಲೆಯ ಮೇಲೆ ಯಾರು ಸಿಟ್ಟಾಗುತ್ತಾರೆ? ಗಡ್ಡ ನೆರೆತ ಯಜಮಾನರು ಮೇಷ್ಟ್ರ ಬೆನ್ನು ತಟ್ಟಿದರು. ಸಭೆ ಸೇರಿದಾಗ ಚಿತ್ರಾನ್ನ, ಕಾಫಿ, ಹೋದ ಸಭೆಯ ನಡಾವಳಿ ಓದುವುದು, ಗುಂಪು ಫೋಟೊ. ಕೆರೆಯ ಹೂಳು ಮಾತ್ರ ಇದ್ದ ಹಾಗೇ ಇತ್ತು, ಯಾಕೆಂದರೆ ಹೂಳು ಯಾರ ಹೊಲಕ್ಕೆ ಹೋಗಬೇಕೆಂಬುದು ತಕರಾರಿನ ವಿಷಯ.

ಈಗ ಪ್ರೇಮಲತಾ ಬಗ್ಗೆ ಹೇಳಬೇಕು. ಪ್ರೇಮಲತಾ ಮೇಷ್ಟ್ರ ಒಬ್ಬಳೇ ತಂಗಿ. ಕುಣಿಗಲ್ಲಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮಗಳು ರಮ್ಯಶ್ರೀಯನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದು, ಅಂಗನವಾಡಿ ಟೀಚರ್ ಕೆಲಸ ಹಿಡಿದಿದ್ದಳು. ಅಂಗನವಾಡಿ ಇದ್ದದ್ದು ತೊರೆಪಾಳ್ಯದಲ್ಲಿ. ಅದೂ ಆ ಏಳೂರಿನಲ್ಲೊಂದು, ಹೊನ್ನೇಕಟ್ಟೆಯ ಎದುರಿಗೇ. ನಡುವೆ ಇರುವುದು ಕೋಡಿ ಹಳ್ಳ, ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದುಹೋಗುವ ಹಳ್ಳ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯದೆ ದಾಟಬಹುದು. ಕೋಡಿ ಬಿದ್ದರೆ ಸೊಂಟದ ತನಕ ನೀರು, ಸೆಳೆತ ಬೇರೆ. ಕೆರೆ ಏರಿಯ ದಾರಿಯನ್ನೂ ಕೋಡಿ ನೀರೇ ಕತ್ತರಿಸುವುದರಿಂದ ಸುತ್ತಿ ಹೋಗಬೇಕೆಂದರೆ ಅರ್ಧ ಹೋಬಳಿ ಬಳಸಬೇಕು. ಅವಳು ಸೀರೆ ಎತ್ತಿಕಟ್ಟಿ, ಮಕ್ಕಳಿಗೆ ಕೊಡುವ ಮೊಟ್ಟೆಯ ಟ್ರೇ ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಕಾಲುಸೇತುವೆ, ಅಷ್ಟೇ.

ಸೇತುವೆ ಬರುವುದರಲ್ಲಿಯೂ ಇತ್ತು. ಅಂಜನ್‌ಕುಮಾರ್ ಎಂಬ ಹುಡುಗ ಎಂಜಿನಿಯರ್ ಬಂದು ಅಳತೆ ಮಾಡಿಕೊಂಡು ಹೋಗಿ, ಅನುದಾನವನ್ನೂ ಮಂಜೂರು ಮಾಡಿಸಿದ್ದ. ಕೆರೆ, ಹಳ್ಳ ಎರಡೂ ಒಕ್ಕೂಟದ ಸುಪರ್ದಿನಲ್ಲಿದ್ದುದರಿಂದ ಒಕ್ಕೂಟದ ಒಪ್ಪಿಗೆ ಪತ್ರವೊಂದು ಬೇಕು, ಮಾರ್ಚ್ ಒಳಗೆ ಕೊಟ್ಟರೆ ಕೆಲಸ ಶುರು ಅಂದ. ಆದರೆ ಸೇತುವೆಯ ಆಚೆ ತುದಿ ಬರುವುದು ತೊರೆಪಾಳ್ಯದ ಮಹಾಲಿಂಗಯ್ಯನ ತೋಟದಲ್ಲಿ. ಆ ತೋಟದ ಅಂಚು ತನ್ನದೆಂದು ಮಹಾಲಿಂಗಯ್ಯನೂ, ದಾರಿಯೆಂದು ಹೊನ್ನೇಕಟ್ಟೆಯವರೂ ಬಹಳ ಕಾಲದಿಂದ ಕಿತ್ತಾಡುತ್ತಿದ್ದರು. ತೊರೆಪಾಳ್ಯದ ಪರವಾಗಿ ಒಕ್ಕೂಟದಲ್ಲಿ ಕೂರುವವನೂ ಮಹಾಲಿಂಗಯ್ಯನೇ.

ಪ್ರೇಮಲತಾ ಅರ್ಜಿ ಬರೆದು ಸಭೆಗೆ ಕೊಟ್ಟಳು. ಕಾರ್ಯದರ್ಶಿಯಾಗಿದ್ದ ಅವಳ ಸ್ವಂತ ಅಣ್ಣ ಅದನ್ನು ಓದಿ, ಇದು ಎರಡೂರುಗಳ ನಡುವಿನ ತಕರಾರು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಪಕ್ಕಕ್ಕಿಟ್ಟರು. ಮಹಾಲಿಂಗಯ್ಯ ಬಾಯಿಬಿಟ್ಟು ಬೇಡ ಅನ್ನಬೇಕಾಗಿ ಕೂಡ ಬರಲಿಲ್ಲ. ಮಾರ್ಚ್ ಮುಗಿಯಿತು, ದುಡ್ಡು ವಾಪಸ್ ಹೋಯಿತು. ಅಂಜನ್‌ಕುಮಾರ್‌ನನ್ನು ಬೇರೆ ತಾಲ್ಲೂಕಿಗೆ ಹಾಕಿದರು.

ಆದರೂ ಮೇಷ್ಟ್ರಿಗೆ ತಂಗಿಯ ಮೇಲೆ ಪ್ರೀತಿಯಿತ್ತು, ಸುಮ್ಮನೆ ಕೂರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಒಂದು ದಾರಿ ಹುಡುಕಿದರು. ತೊರೆಪಾಳ್ಯದಿಂದ ಒಂದು ತೆಂಗಿನ ದಿಮ್ಮಿ, ಹೊನ್ನೇಕಟ್ಟೆಯಿಂದ ಒಂದು. ಎರಡನ್ನೂ ಜೋಡಿಸಿ ಹಳ್ಳಕ್ಕೆ ಅಡ್ಡ ಹಾಕುವುದು. ಯಾರ ಜಾಗಕ್ಕೂ ಗುದ್ದಲಿ ಬೀಳುವುದಿಲ್ಲ. ಏಳೂರೂ ಒಪ್ಪಿದವು. ಸ್ಟಾಫ್ ರೂಮಿಗೆ ಬಂದು ಇದಕ್ಕೆ ವಿಶ್ವಾಸವರ್ಧಕ ಕ್ರಮ ಅಂತಾರೆ ಮೇಡಂ ಎಂದು ನನಗೆ ಪಾಠ ಮಾಡಿದರು. ದಿಮ್ಮಿಗಳ ಮುಂದೆ ಎರಡೂರಿನವರು ಕೈ ಕುಲುಕುತ್ತಿರುವ ಫೋಟೊ ಮೊಬೈಲಿನಲ್ಲಿ ತೋರಿಸಿದರು. ಫೋಟೊದ ಅಂಚಿನಲ್ಲಿ ಪ್ರೇಮಲತಾ ನಿಂತಿದ್ದಳು, ಅರ್ಧ ಮುಖ ಮಾತ್ರ ಬಂದಿತ್ತು.

ಮರುವರ್ಷ ತುಮಕೂರಿನಲ್ಲಿ ಪ್ರಾದೇಶಿಕ ಸಹಕಾರದ ಬಗ್ಗೆ ಒಂದು ವಿಚಾರ ಸಂಕಿರಣ. ಮೇಷ್ಟ್ರ ಒಕ್ಕೂಟದ ಸುದ್ದಿ ಯಾರ ಮೂಲಕವೋ ತಲುಪಿ, ಅವರನ್ನು ಮಾತಾಡಲು ಕರೆದಿದ್ದರು. ನಾನೂ ಹೋಗಿದ್ದೆ. ಪ್ರೇಮಲತಾ ರೇಷ್ಮೆ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಳು. ಇಷ್ಟು ವರ್ಷದಲ್ಲಿ ಒಂದೇ ಒಂದು ಜಗಳವಿಲ್ಲದ ಒಕ್ಕೂಟ, ದೊಡ್ಡ ದೊಡ್ಡ ಸಂಘಟನೆಗಳು ಈ ಹಳ್ಳಿಗಳನ್ನು ನೋಡಿ ಕಲಿಯಬೇಕು ಎಂದು ಸಂಕಿರಣದ ಅಧ್ಯಕ್ಷರು ಹೊಗಳಿದರು. ಪ್ರೇಮಲತಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅಣ್ಣನ ಮೇಲೆ ಅವಳಿಗೆ ಅಷ್ಟು ಅಭಿಮಾನ.

ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತಳು. ದಿಮ್ಮಿ ಪಾಚಿ ಕಟ್ಟಿದೆ, ಒಂದರ ನಡು ಕೊಳೆತು ಲಡ್ಡು ಹಿಡಿದು ಕಾಲಿಟ್ಟರೆ ಅದುರುತ್ತದೆ ಅಂದಳು. ಅವಳಿಗೆ ಜಗಳ ಬೇಡವಾಗಿತ್ತು, ಭೂಮಿಯೂ ಬೇಡವಾಗಿತ್ತು.

"ಅಣ್ಣಂಗೆ ನೀವಾದ್ರೂ ಹೇಳಿ ಮೇಡಂ. ನಾನ್ ಹೇಳಿದ್ರೆ ಮನೆ ಮಾತು ಅಂದ್ಕೊತಾನೆ. ಮಳೆಗಾಲ ಬಂದ್ರೆ ನಂಗೆ ದಿನಾ ಭಯ" ಅಂದಳು.

ಅವತ್ತೇ ಮೇಷ್ಟ್ರಿಗೆ ಹೇಳಿದೆ, ಕೋಪದಲ್ಲಿಯೇ ಹೇಳಿದೆ. ಒಂದು ಸಲ ನಿಯಮ ಮುರಿಯಿರಿ, ಸೇತುವೆಯ ವಿಷಯ ಸಭೆಗೆ ತನ್ನಿ, ಮಹಾಲಿಂಗಯ್ಯ ಎದ್ದು ಹೋದರೆ ಹೋಗಲಿ ಎಂದೆ. ಅವರು ಶಾಲು ಮಡಿಸುತ್ತಾ, ನನ್ನ ತಂಗಿಯ ಸಲುವಾಗಿ ಮುರಿದರೆ ನಾಳೆ ಪ್ರತಿಯೊಬ್ಬರೂ ತಮ್ಮ ತಂಗಿಯ ಸಲುವಾಗಿ ಮುರಿಯುತ್ತಾರೆ, ಒಬ್ಬರು ಎದ್ದು ಹೋದರೆ ಒಕ್ಕೂಟ ಉಳಿಯುವುದಿಲ್ಲ ಅಂದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಆಡಿಯೇಬಿಟ್ಟೆ. ಅವರಿಗೆ ನೋವಾಯಿತು, ನನ್ನೊಂದಿಗೆ ಕೆಲವು ದಿನ ಮಾತು ಬಿಟ್ಟರು.

ಆ ಅಕ್ಟೋಬರಿನಲ್ಲಿ ಮಳೆ ಹುಚ್ಚು ಹಿಡಿದ ಹಾಗೆ ಸುರಿಯಿತು. ಬೆಳ್ಳಾವಿಯಿಂದ ಹಾಗಲವಾಡಿ ತನಕ ತುಂಬದ ಕೆರೆಯಿರಲಿಲ್ಲ. ಹೊನ್ನೇಕಟ್ಟೆಯ ಕೆರೆಯೂ ಕೋಡಿ ಬಿತ್ತು. ಪ್ರೇಮಲತಾ ಬೆಳಿಗ್ಗೆ ದಿಮ್ಮಿಯ ಮೇಲೆ ಹುಷಾರಾಗಿ ದಾಟಿಕೊಂಡು ಹೋದಳು. ಮಧ್ಯಾಹ್ನ ಮಳೆ ಜೋರಾಯಿತು. ಅವಳು ಮಕ್ಕಳನ್ನೆಲ್ಲ ಅವರವರ ಮನೆ ಮುಟ್ಟಿಸಿ, ಬೀಗ ಹಾಕಿ, ವಾಪಸ್ ಹೊರಟಳು. ತೊರೆಪಾಳ್ಯದ ಹೆಂಗಸರು ಇವತ್ತು ಇಲ್ಲೇ ಉಳಕೋ ಅಂದರಂತೆ. ಅಪ್ಪನಿಗೆ ಹುಷಾರಿಲ್ಲ, ಮಗಳು ಕಾಲೇಜಿಂದ ಬಂದಿರುತ್ತಾಳೆ ಅಂದಳಂತೆ. ಲಡ್ಡು ಹಿಡಿದಿದ್ದ ದಿಮ್ಮಿ ನಡುವಿನಲ್ಲಿ ಮುರಿಯಿತು. ಅದು ಯಾವ ಊರಿನ ದಿಮ್ಮಿ ಅಂತ ಆಮೇಲೆ ಎರಡೂ ಊರಿನಲ್ಲಿ ಚರ್ಚೆಯಾಯಿತು. ನನಗೆ ಅಸಹ್ಯವಾಯಿತು.

ಹಳ್ಳಕ್ಕೆ ಮೊದಲು ಇಳಿದು ಹುಡುಕಿದವನು ಮಹಾಲಿಂಗಯ್ಯ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕತ್ತಲಾಗುವ ತನಕ ಹುಡುಕಿದ. ಮರುದಿನ ಕೆಳಗಿನ ಜಾಲಿ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಅವಳನ್ನು ಎತ್ತಿ ತಂದವನೂ ಅವನೇ. ದಡದಲ್ಲಿ ಮಲಗಿಸಿ ತಲೆ ತಲೆ ಚಚ್ಚಿಕೊಂಡು ಅತ್ತ. ಅವನ ತೋಟದ ಅಂಚಿನಲ್ಲಿಯೇ ಮಲಗಿಸಿದ್ದರು. ಅವತ್ತು ಅದು ಯಾರ ಜಾಗ ಅಂತ ಯಾರೂ ಕೇಳಲಿಲ್ಲ.

ತಿಥಿ ಕಳೆದ ಮೇಲೆ ಒಕ್ಕೂಟ ಸಂತಾಪ ಸಭೆ ಕರೆಯಿತು. ಅಕಾರಾದಿ ಪ್ರಕಾರ ಆ ವರ್ಷ ತೊರೆಪಾಳ್ಯದ ಸರದಿ, ಹಾಗಾಗಿ ಮಹಾಲಿಂಗಯ್ಯನೇ ಅಧ್ಯಕ್ಷ. ಗುಬ್ಬಿಯಿಂದ ನಾವು ಕೆಲವರು ಮೇಷ್ಟ್ರುಗಳು ಹೋಗಿದ್ದೆವು. ಪ್ರೇಮಲತಾಳ ಫೋಟೊಕ್ಕೆ ಏಳೂರಿನಿಂದ ಏಳು ಹಾರ, ಅವನ್ನು ಹಾಕಿದ್ದೂ ಅಕಾರಾದಿಯಲ್ಲಿಯೇ. ಮೇಷ್ಟ್ರು ಸಂತಾಪದ ನಿರ್ಣಯವನ್ನು ತಾವೇ ಬರೆದು ತಾವೇ ಓದಿದರು. ದನಿ ನಡುಗಲಿಲ್ಲ, ನಡುಗಿದ್ದರೆ ನಾನು ಅವರನ್ನು ಕ್ಷಮಿಸುತ್ತಿದ್ದೆನೋ ಏನೋ. ಸರ್ವಾನುಮತದಿಂದ ಅಂಗೀಕಾರ ಎಂದು ಮಹಾಲಿಂಗಯ್ಯ ಹೇಳಿದ. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು.

ಕೂರುವ ಹೊತ್ತಿಗೆ ರಮ್ಯಶ್ರೀ ಕೂರಲಿಲ್ಲ. ಎರಡನೇ ಪಿಯು ಓದುತ್ತಿದ್ದ ಹುಡುಗಿ, ಸೋದರಮಾವನ ತರಗತಿಯಲ್ಲಿಯೇ ಕೂತು ಸಾರ್ಕಿನ ಪಾಠ ಕೇಳಿದವಳು.

"ಸೇತುವೆ ವಿಷ್ಯಾನೂ ಬರ್ಕೊಳಿ ಮಾವ" ಅಂದಳು.

ಎಲ್ಲರ ಕಣ್ಣೂ ಮಹಾಲಿಂಗಯ್ಯನ ಕಡೆ ಹೋಯಿತು. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಹಿಂದೆ ಕೂತಿದ್ದ ತೊರೆಪಾಳ್ಯದ ದಾಯಾದಿಗಳು ಏನೋ ಗುಸುಗುಸು ಮಾಡಿದರು. ಅವನು ಮುಖ ಎತ್ತಿ ಮೇಷ್ಟ್ರನ್ನು ನೋಡಿದ. ಆ ಗಳಿಗೆಯಲ್ಲಿ ಮೇಷ್ಟ್ರು ಬಾಯಿಬಿಟ್ಟು ಕೇಳಿದ್ದರೆ ಅವನು ಹೂಂ ಅನ್ನುತ್ತಿದ್ದ. ನಾನು ಅವನ ಎದುರಿಗೇ ಕೂತಿದ್ದೆ, ಆ ಮುಖ ನೋಡಿದ್ದೇನೆ. ಹೆಣ ಎತ್ತಿದ ಕೈ ಅವನದು, ಇಲ್ಲ ಅನ್ನುವ ಶಕ್ತಿ ಅವನಿಗೆ ಉಳಿದಿರಲಿಲ್ಲ.

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.

"ಇವತ್ ಬೇಡಮ್ಮ" ಅಂದರು. "ಇದು ಸಂತಾಪ ಸಭೆ. ತಕರಾರಿನ ವಿಷ್ಯ ಇಲ್ಲಿ ಎತ್ಬಾರ್ದು."

ಮಹಾಲಿಂಗಯ್ಯ ಮತ್ತೆ ತಲೆ ತಗ್ಗಿಸಿದ. ಕಾಫಿ ಬಂತು. ರಮ್ಯಶ್ರೀ ಹೊರಗೆ ಹೋದಳು, ಹಿಂದೆಯೇ ಹೋಗಿ ಕೈ ಹಿಡಿದುಕೊಂಡೆ. ಅವಳು ಅಳುತ್ತಿರಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಬಟ್ಟೆಬರೆ ಕಟ್ಟಿಕೊಂಡು ಕುಣಿಗಲ್ಲಿಗೆ, ತಂದೆಯ ಅಣ್ಣನ ಮನೆಗೆ ಹೋದಳು. ಆಮೇಲೆ ಹೊನ್ನೇಕಟ್ಟೆಗೆ ಕಾಲಿಡಲಿಲ್ಲ. ಮಾವ ಫೋನ್ ಮಾಡಿದರೆ ಎತ್ತುವುದಿಲ್ಲ. ಪುಟ್ಟರಂಗಯ್ಯನವರು ಆ ಬೇಸಿಗೆಯಲ್ಲಿ ತೀರಿಕೊಂಡಾಗಲೂ ಬರಲಿಲ್ಲ.

ಮೇಷ್ಟ್ರು ಈಗಲೂ ಕಾಲೇಜಿಗೆ ಬರುತ್ತಾರೆ. ಈಗಲೂ ಅದೇ ಪಾಠ, ಅದೇ ಕೆರೆ, ಅದೇ ತೂಬು. ಆ ಲಾಹೋರಿನ ಶಾಲು ಮಾತ್ರ ಹೊದ್ದು ಬರುವುದಿಲ್ಲ. ನನ್ನ ಎದುರು ಕೂತು ಬುತ್ತಿ ಬಿಚ್ಚುತ್ತಾರೆ. ತಂಗಿ ಹೋದ ಮೇಲೆ ಅಡುಗೆ ಅವರದೇ, ಅನ್ನ ಒಂದೊಂದು ದಿನ ಬೆಂದಿರುವುದಿಲ್ಲ. ನನ್ನ ಡಬ್ಬಿಯಿಂದ ಪಲ್ಯ ಹಾಕುತ್ತೇನೆ. ಅವರ ಮುಖ ನೋಡಿದರೆ ಸಿಟ್ಟು ಬರುತ್ತದೆ, ಆದರೂ ಹಾಕುತ್ತೇನೆ. ಒಂದು ದಿನ ಮಾತ್ರ ತಡೆಯಲಾರದೆ, ಅವತ್ತು ಮಹಾಲಿಂಗಯ್ಯ ಒಪ್ಪುತ್ತಿದ್ದ, ನೀವೇ ಕೇಳಲಿಲ್ಲ ಅಂದೆ. ಅವರು ತುತ್ತು ಕೆಳಗಿಟ್ಟು, ಗೊತ್ತಿತ್ತು ಮೇಡಂ ಅಂದರು.

ಹೋದ ತಿಂಗಳು ಮದುವೆಯೊಂದಕ್ಕೆ ಕುಣಿಗಲ್ಲಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ರಮ್ಯಶ್ರೀ ಸಿಕ್ಕಿದಳು. ಡಿಗ್ರಿ ಓದುತ್ತಿದ್ದಾಳೆ, ತಾಯಿಯ ಹಾಗೇ ಎತ್ತರವಾಗಿದ್ದಾಳೆ. ಕಾಲಿಗೆ ಬಿದ್ದಳು, ಮನೆಗೆ ಕರೆದಳು. ಅದೂ ಇದೂ ಮಾತಾಡಿದ ಮೇಲೆ, ಸೇತುವೆ ಆಯಿತಾ ಎಂದು ಕೇಳಿದಳು.

ಇಲ್ಲ, ಹೊಸ ದಿಮ್ಮಿ ಹಾಕಿದ್ದಾರೆ ಅಂದೆ.

"ಎರಡೂರಿಂದ ಒಂದೊಂದಾ?"

ಹೌದು ಅಂದೆ. ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ರಸ್ತೆ ನೋಡುತ್ತಾ ನಿಂತಳು. ನಿಮ್ಮ ಮಾವ ಕೆಟ್ಟವರಲ್ಲ ಕಣೇ, ಒಂದು ಫೋನ್ ಆದರೂ ಎತ್ತು ಎಂದು ನಾನೇ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ.

"ಕೆಟ್ಟೋರಲ್ಲ ಅಂತ ಗೊತ್ತು ಮೇಡಂ" ಅಂದಳು. "ಮಾವಂಗೆ ಏಳೂರೂ ಬೇಕಾಗಿತ್ತು. ನಮ್ಮಮ್ಮ ಅದ್ರಲ್ಲಿ ಯಾವೂರೂ ಆಗಿರ್ಲಿಲ್ಲ."

ಬಸ್ಸು ಬಂತು. ನನ್ನ ಚೀಲವನ್ನು ಅವಳೇ ಎತ್ತಿ ಒಳಗಿಟ್ಟು, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು, ಕೆಳಗಿಳಿದಳು.